ಮಕ್ಕಳನ್ನು ಹೊಳೆಗೆ ಕರೆದೊಯ್ಯುವವರಿಗೆ

ಬೇಸಿಗೆ ಶಿಬಿರಗಳನ್ನು ನಡೆಸುವ ಎಲ್ಲ ಗೆಳೆಯ ಗೆಳತಿಯರಿಗೆ,



ಶಾಲೆಗಳ ಪರೀಕ್ಷೆ ಮುಗಿಯುತ್ತಿದ್ದಂತೆ ನಿಮ್ಮ ಕರಪತ್ರಗಳು ಕೈಗೆ ಬರತೊಡಗುತ್ತವೆ. ರಂಗಗೀತೆ, ಮುಖವಾಡ ಮಾಡುವುದು, ಮಣ್ಣಿನ ಆಟಿಕೆ, ಕಥೆ ಕಟ್ಟುವುದು, ಹಕ್ಕಿ ಗುರುತಿಸುವುದು, ಹೀಗೆ ಪಟ್ಟಿ ಸಾಗಿ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು: 'ಒಂದು ದಿನದ ಹೊರಸಂಚಾರ, ಹೊಳೆಯಲ್ಲಿ ನೀರಾಟ'. ಮಕ್ಕಳು ಮೊದಲು ಓದುವುದು ಆ ಕೊನೆಯ ಸಾಲನ್ನೇ. ಈ ಪತ್ರವೂ ಅದರ ಬಗ್ಗೆಯೇ.

ನಾನು ತೀರ್ಥಹಳ್ಳಿ ಸೀಮೆಯಲ್ಲಿ ತುಂಗೆಯ ದಂಡೆಯ ಮೇಲೆ ಬದುಕುವವಳು. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾಗಿದ್ದೇನೆ. ಮಳೆಗಾಲದಲ್ಲಿ ಕೆಂಪಗೆ ಮೊರೆಯುವ ನಮ್ಮ ಹೊಳೆ ಏಪ್ರಿಲ್ ಹೊತ್ತಿಗೆ ಬಂಡೆಗಳ ನಡುವೆ ಸೊರಗಿ, ತಳದ ಮರಳು ಕಾಣುವಷ್ಟು ತಿಳಿಯಾಗುತ್ತದೆ. ಆಗ ಶಿವಮೊಗ್ಗದಿಂದ, ದಾವಣಗೆರೆಯಿಂದ, ಬೆಂಗಳೂರಿನಿಂದ ಮಿನಿಬಸ್ಸುಗಳು ಬರುತ್ತವೆ. ಬಾಗಿಲು ತೆರೆದ ಕೂಡಲೇ ಮಕ್ಕಳು ಓಡುವುದನ್ನು ನೋಡುವುದೇ ಒಂದು ಸುಖ. ಆ ಓಟವನ್ನು ನಿಲ್ಲಿಸಿ ಎಂದು ಕೇಳಲು ನಾನು ಬರೆಯುತ್ತಿಲ್ಲ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಎಲ್ಲಾದರೂ ಒಂದು ಅನಾಹುತ ಆದ ಕೂಡಲೇ ನಮ್ಮಲ್ಲಿ ಸುಲಭದ ಪರಿಹಾರವೊಂದು ಹೊರಬೀಳುತ್ತದೆ: ನಿಷೇಧ. ಪ್ರವಾಸ ಬೇಡ, ನೀರು ಬೇಡ, ಬೋರ್ಡು ಹಾಕಿ, ಹಗ್ಗ ಕಟ್ಟಿ. ಆದರೆ ಏಪ್ರಿಲ್ ಮೇ ತಿಂಗಳ ಪತ್ರಿಕೆಗಳನ್ನು ತೆರೆದು ನೋಡಿ. ಕೆರೆಯಲ್ಲಿ, ಕಲ್ಲು ಕ್ವಾರಿಯ ಹೊಂಡದಲ್ಲಿ, ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದಲ್ಲಿ ತೀರಿಕೊಂಡ ಮಕ್ಕಳಲ್ಲಿ ಹೆಚ್ಚಿನವರು ಮನೆಯಲ್ಲಿ ಹೇಳದೆ, ದೊಡ್ಡವರಿಲ್ಲದೆ ಹೋದವರು. ಬೇಡ ಎಂದಷ್ಟೂ ಮಕ್ಕಳು ಕದ್ದು ಹೋಗುತ್ತಾರೆ. ಜೊತೆಗೆ ನಿಂತು ನೀರನ್ನು ಪರಿಚಯಿಸುವ ದೊಡ್ಡವರು ಈಗ ಉಳಿದಿರುವುದೇ ಕಡಿಮೆ, ಅವರಲ್ಲಿ ನೀವೂ ಸೇರಿದ್ದೀರಿ. ಹಿಂದೆ ಮಾವನೋ ಅಣ್ಣನೋ ಸೊಂಟಕ್ಕೆ ಹಗ್ಗ ಕಟ್ಟಿ, ಬೆನ್ನಿಗೆ ಒಣ ಸೋರೆಬುರುಡೆಯನ್ನೋ ಬೆಂಡನ್ನೋ ಬಿಗಿದು ಬಾವಿಗೆ ಇಳಿಸುತ್ತಿದ್ದ. ಆ ಮಾವಂದಿರು ಈಗ ಊರಿನಲ್ಲಿಲ್ಲ. ಆದ್ದರಿಂದಲೇ ನಿಮ್ಮಿಂದ ನಿರೀಕ್ಷೆ ಹೆಚ್ಚು.

ಕೆಲವು ವರ್ಷಗಳ ಹಿಂದೆ ಕಂಡದ್ದನ್ನು ಹೇಳುತ್ತೇನೆ. ಮಧ್ಯಾಹ್ನದ ಹೊತ್ತು. ಮೂವತ್ತಕ್ಕೂ ಮಿಕ್ಕಿ ಮಕ್ಕಳು, ಜೊತೆಗೆ ನಾಲ್ವರು ದೊಡ್ಡವರು. ಒಬ್ಬರು ಬಸ್ಸಿನಿಂದ ಪಲಾವಿನ ಪಾತ್ರೆ ಇಳಿಸುತ್ತಿದ್ದರು, ಒಬ್ಬರು ಚಾಲಕನ ಜೊತೆ ಬಾಡಿಗೆಯ ಮಾತಿನಲ್ಲಿದ್ದರು, ಉಳಿದಿಬ್ಬರು ಮಕ್ಕಳ ಫೋಟೊ ತೆಗೆಯುತ್ತಿದ್ದರು. ನೀರಿನಲ್ಲಿ ಕೇಕೆ, ಎರಚಾಟ. ಎರಡು ಬಂಡೆಗಳ ಸಂದಿನಲ್ಲಿ ಎಂಟೊಂಬತ್ತು ವರ್ಷದ ಹುಡುಗನೊಬ್ಬ ನೆಟ್ಟಗೆ ನಿಂತಂತೆ ಇದ್ದ. ತಲೆ ಹಿಂದಕ್ಕೆ ಬಾಗಿತ್ತು, ತೆರೆದ ಬಾಯಿ ಆಕಾಶ ನೋಡುತ್ತಿತ್ತು, ಎರಡೂ ಕೈಗಳು ನೀರನ್ನು ಕೆಳಕ್ಕೆ ಒತ್ತುತ್ತಿದ್ದವು. ಕೂಗಿಲ್ಲ, ಕೈ ಬೀಸಿಲ್ಲ. ಅವನಿಂದ ಒಂದು ಮಾರು ದೂರದಲ್ಲೇ ಉಳಿದ ಮಕ್ಕಳು ಆಡುತ್ತಿದ್ದರು. ಆಚೆ ಬಂಡೆಯ ಮೇಲೆ ಗಾಳ ಹಾಕಿಕೊಂಡು ಕೂತಿದ್ದ ನಮ್ಮೂರಿನ ಮುದುಕರೊಬ್ಬರು ಎದ್ದು, ಮೂರೇ ಹೆಜ್ಜೆ ಇಳಿದು, ಹುಡುಗನ ರಟ್ಟೆ ಹಿಡಿದು ಮೇಲೆತ್ತಿದರು. ಅವನು ವಾಂತಿ ಮಾಡಿಕೊಂಡು ಅಳತೊಡಗಿದ ಮೇಲೆಯೇ ಶಿಬಿರದವರಿಗೆ ಗೊತ್ತಾದದ್ದು. ಸ್ವಲ್ಪ ಹೊತ್ತಿಗೆ ಅವನು ಎಲ್ಲರ ಜೊತೆ ಕೂತು ಪಲಾವ್ ತಿಂದ, ಬಸ್ಸು ಹಾಡುತ್ತಾ ಹೊರಟಿತು. ಆಸ್ಪತ್ರೆಗೆ ಯಾರೂ ತೋರಿಸಲಿಲ್ಲ. ನೀರು ಕುಡಿದ ಮಗುವಿಗೆ ಕೆಮ್ಮು, ಏದುಸಿರು ಇದ್ದರೆ ಗಂಟೆಗಳ ನಂತರವೂ ಉಸಿರಾಟ ಕೆಡಬಹುದು. ಅವತ್ತು ಹಾಗಾಗಲಿಲ್ಲ, ಅಷ್ಟೇ.

ಆ ನಾಲ್ವರು ಕೆಟ್ಟವರಲ್ಲ. ಮಕ್ಕಳ ಮೇಲೆ ಪ್ರೀತಿ ಇಲ್ಲದವರು ಈ ಕೆಲಸಕ್ಕೆ ಬರುವುದೂ ಇಲ್ಲ. ಮುಳುಗುವ ಮಗು ಸಿನಿಮಾದಲ್ಲಿಯಂತೆ ಕೈ ಬೀಸಿ 'ಕಾಪಾಡಿ' ಎಂದು ಕೂಗುತ್ತದೆ ಎಂದು ಅವರೂ ತಿಳಿದಿದ್ದರು. ಹಾಗಾಗುವುದಿಲ್ಲ. ನ್ಯೂಯಾರ್ಕಿನ ಕಡಲತೀರದಲ್ಲಿ ಜೀವರಕ್ಷಕರಾಗಿದ್ದ ಫ್ರಾಂಕ್ ಪಿಯಾ ಎಂಬುವರು ಮುಳುಗುವವರನ್ನು ಚಿತ್ರೀಕರಿಸಿ, ವರ್ಷಗಟ್ಟಲೆ ಗಮನಿಸಿ ಬರೆದದ್ದು ಇದನ್ನೇ: ಬಾಯಿ ನೀರಿನ ಮೇಲೆ ಬರುವ ಕ್ಷಣದಲ್ಲಿ ಉಸಿರು ಎಳೆದುಕೊಳ್ಳುವುದಕ್ಕಷ್ಟೇ ಹೊತ್ತು, ಕೂಗುವುದಕ್ಕಿಲ್ಲ. ಕೈಗಳು ತಾವಾಗಿಯೇ ನೀರನ್ನು ಒತ್ತುತ್ತವೆ, ಬೀಸಲು ಬರುವುದಿಲ್ಲ. ಈ ಹೋರಾಟ ನಡೆಯುವುದು 20ರಿಂದ 60 ಸೆಕೆಂಡು. ಒಂದು ಫೋಟೊ ತೆಗೆದು, ಸರಿ ಬಂತೇ ಎಂದು ನೋಡಿ, ಗುಂಪಿಗೆ ಕಳಿಸುವಷ್ಟು ಸಮಯ.

ಹಾಗಾಗಿ ನನ್ನ ಬೇಡಿಕೆಗಳಲ್ಲಿ ಒಂದನ್ನೇ ಒಪ್ಪುವುದಾದರೆ ಇದನ್ನು ಒಪ್ಪಿ. ನೀರಿಗೆ ಇಳಿದ ಮಕ್ಕಳನ್ನು ಕಾಯುವುದೇ ಕೆಲಸವಾಗಿರುವ ಒಬ್ಬರನ್ನು ದಡದ ಮೇಲೆ ನಿಲ್ಲಿಸಿ. ಅವರ ಕೈಯಲ್ಲಿ ಫೋನು ಇರಬಾರದು, ಸೌಟು ಇರಬಾರದು, ಪುಸ್ತಕ ಇರಬಾರದು. ಯಾರೂ ಅವರನ್ನು ಮಾತಿಗೆ ಎಳೆಯಬಾರದು. ಕಾಲು ಗಂಟೆಗೊಮ್ಮೆ ಬದಲಾಯಿಸಿ, ಏಕೆಂದರೆ ಬಿಸಿಲಿನಲ್ಲಿ ಕಣ್ಣು ದಣಿಯುತ್ತದೆ. ನೀರಿನ ಒಳಗೆ ಬೇರೆ ಇಬ್ಬರು ಈಜು ಬಲ್ಲವರು ಇರಲಿ, ಅವರು ಮಕ್ಕಳಿಗಿಂತ ಕೆಳಹರಿವಿನ ಕಡೆ ನಿಲ್ಲಲಿ. ಜನ ಸಾಲದಿದ್ದರೆ ಮಕ್ಕಳನ್ನು ತಂಡ ಮಾಡಿ ಸರದಿಯಲ್ಲಿ ಇಳಿಸಿ. ಜನ ಇಲ್ಲವೇ ಇಲ್ಲ ಎಂದಾದರೆ ಅವತ್ತು ಕಾಲು ಇಳಿಬಿಟ್ಟು ಕೂತು ಕಥೆ ಹೇಳಿ.

ಒಳ್ಳೆಯದನ್ನೂ ಕಂಡಿದ್ದೇನೆ. ಒಂದು ಸಣ್ಣ ಶಿಬಿರದವರು ಹಿಂದಿನ ದಿನವೇ ಬಂದು, ಹೊಳೆ ಬಲ್ಲ ಸ್ಥಳೀಯರನ್ನು ಕರೆದುಕೊಂಡು ತಾವೇ ನೀರಿಗೆ ಇಳಿದು, ಬಿದಿರುಗಳದಿಂದ ಆಳ ಅಳೆದರು. ಎಲ್ಲಿಯವರೆಗೆ ಹೋಗಬಹುದು ಎಂಬಲ್ಲಿ ಗಳ ನೆಟ್ಟು ಕೆಂಪು ಬಟ್ಟೆ ಕಟ್ಟಿದರು. ಅಳತೆ ಏನು ಗೊತ್ತೇ? ಗುಂಪಿನ ಅತಿ ಗಿಡ್ಡ ಮಗುವಿನ ಸೊಂಟ. ಮರುದಿನ ಮಕ್ಕಳು ಜೋಡಿ ಜೋಡಿಯಾಗಿ ಇಳಿದರು. ಬಂಡೆಯ ಮೇಲೆ ಸೀಟಿ ಹಿಡಿದು ನಿಂತಿದ್ದ ತರುಣಿ ಆಗಾಗ ಊದಿದಾಗ ಪ್ರತಿಯೊಬ್ಬರೂ ತಮ್ಮ ಜೊತೆಗಾರರ ಕೈ ಹಿಡಿದು ಮೇಲೆತ್ತಬೇಕು, ಅವಳು ಎಣಿಸಬೇಕು. ಮಕ್ಕಳಿಗೆ ಅದು ಶಿಸ್ತು ಎನಿಸಲೇ ಇಲ್ಲ, ಆಟವೇ ಆಯಿತು. ಸೀಟಿ ಯಾವಾಗ ಊದುತ್ತಾಳೆ ಎಂದು ಕಾಯುತ್ತಿದ್ದರು. ಊಟದ ಪಾತ್ರೆ ಬಸ್ಸಿನಿಂದ ಇಳಿದದ್ದು ಕೊನೆಯ ಮಗು ತಲೆ ಒರೆಸಿಕೊಂಡ ಮೇಲೆ. ಇದಕ್ಕೆಲ್ಲ ಎಷ್ಟು ಖರ್ಚು? ಒಂದು ಸೀಟಿ, ನಾಲ್ಕು ಗಳ, ಒಂದು ದಿನ ಮುಂಚಿತ ಪಯಣ.

ಮುಂಚಿತವಾಗಿ ಬರಬೇಕು ಎನ್ನುವುದು ಯಾಕೆಂದರೆ ಬೇಸಿಗೆಯ ಹೊಳೆ ಕಣ್ಣಿಗೆ ಸುಳ್ಳು ಹೇಳುತ್ತದೆ. ತಿಳಿನೀರಿನಲ್ಲಿ ಬೆಳಕು ಬಾಗುವುದರಿಂದ ತಳ ಇರುವುದಕ್ಕಿಂತ ಮೇಲೆ ಕಾಣುತ್ತದೆ. ನೇರ ಮೇಲಿನಿಂದ ನೋಡಿದರೂ ನಾಲ್ಕಡಿ ಆಳ ಮೂರಡಿಯಂತೆ ತೋರುತ್ತದೆ, ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಮೂರೂಮುಕ್ಕಾಲು ಅಡಿಯ ಮಗುವಿಗೆ ಆ ಒಂದಡಿಯೇ ಎಲ್ಲ. ಬಂಡೆಯ ಮೇಲಿನ ಹಾವಸೆ ಒಣಗಿದಂತೆ ಕಂಡರೂ ಒದ್ದೆ ಕಾಲು ತಗುಲಿದರೆ ಜಾರುತ್ತದೆ. ಮರಳು ತೆಗೆದ ಕಡೆ ಇನ್ನೂ ಕಷ್ಟ. ಮೊಣಕಾಲು ನೀರಿನಲ್ಲಿ ನಡೆಯುತ್ತಿರುವಾಗಲೇ ಆಳೆತ್ತರದ ಗುಂಡಿ ಎದುರಾಗುತ್ತದೆ, ಅಂಚಿನ ಮರಳು ಕಾಲ ಕೆಳಗೇ ಕುಸಿಯುತ್ತದೆ. ಕಳೆದ ವರ್ಷ ಸಮವಾಗಿದ್ದ ಜಾಗ ಈ ವರ್ಷ ಮಡುವಾಗಿರಬಹುದು. 'ಹೋದ ಸಲವೂ ಇಲ್ಲೇ ಇಳಿದಿದ್ದೆವು' ಎಂಬುದು ಯಾವ ಭರವಸೆಯೂ ಅಲ್ಲ.

ಆಣೆಕಟ್ಟಿನ ಕೆಳಗೆ ಹೋಗುವವರಿಗೆ ಮತ್ತೊಂದು ಮಾತು. ದಾಂಡೇಲಿಯ ಕಾಳಿ ನದಿಯಲ್ಲಿ ಬೇಸಿಗೆಯಲ್ಲೂ ರಾಫ್ಟಿಂಗ್ ನಡೆಯುವುದು ಸೂಪಾ ಜಲಾಶಯದಿಂದ ವಿದ್ಯುತ್ತಿಗಾಗಿ ಬಿಡುವ ನೀರಿನ ಬಲದಿಂದ. ಅಂದರೆ ಆ ನದಿಯ ಏರಿಳಿತ ನಿರ್ಧಾರವಾಗುವುದು ಆಕಾಶದಲ್ಲಿ ಅಲ್ಲ, ವಿದ್ಯುದಾಗಾರದಲ್ಲಿ. ಕನ್ನಂಬಾಡಿಯ ಕೆಳಗಿನ ಬಲಮುರಿಗೆ, ಲಕ್ಕವಳ್ಳಿಯ ಕೆಳಗಿನ ಭದ್ರೆಗೆ ಹೋಗುವವರೂ ಮೇಲಿನಿಂದ ನೀರು ಬಿಡುವ ಸಮಯ ಕೇಳಿ ತಿಳಿಯದೆ ಮಕ್ಕಳನ್ನು ಇಳಿಸಬಾರದು. 2014ರ ಜೂನ್ 8ರಂದು ಹಿಮಾಚಲ ಪ್ರದೇಶದ ಬಿಯಾಸ್ ನದಿಯಲ್ಲಿ ಬಂಡೆಗಳ ಮೇಲೆ ನಿಂತು ಫೋಟೊ ತೆಗೆದುಕೊಳ್ಳುತ್ತಿದ್ದ ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳ ತಂಡ ಲಾರ್ಜಿ ಆಣೆಕಟ್ಟಿನಿಂದ ಬಿಟ್ಟ ನೀರಿಗೆ ಸಿಕ್ಕಿತು. 24 ವಿದ್ಯಾರ್ಥಿಗಳು ಹೋದರು. ಅವರಲ್ಲಿ ಯಾರೂ ಈಜಲು ಇಳಿದಿರಲಿಲ್ಲ.

ನಮ್ಮ ತುಂಗೆಗೆ ಮೇಲ್ಗಡೆ ದೊಡ್ಡ ಆಣೆಕಟ್ಟಿಲ್ಲ, ಆದರೆ ಘಟ್ಟವಿದೆ. ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ಕಳೆದರೆ ಶೃಂಗೇರಿಯ ಆಚೆ ಗುಡುಗು ಸಹಿತ ಮಳೆ ಬಿದ್ದೀತು. ಇಲ್ಲಿ ಬಿಸಿಲೇ ಇದ್ದೀತು. ತಿಳಿನೀರಿಗೆ ಕೆಂಪು ಬಣ್ಣ ಬಂದರೆ, ಒಣ ಎಲೆ ಕಡ್ಡಿ ತೇಲಿ ಬರತೊಡಗಿದರೆ, ಹೊಳೆಯ ಸದ್ದು ಬದಲಾದರೆ, ಕಾರಣ ಹುಡುಕುತ್ತಾ ನಿಲ್ಲದೆ ಮಕ್ಕಳನ್ನು ಮೇಲೆ ಹತ್ತಿಸಿ. ನೀರಾಟವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ. ಉಂಡು ಈಜಿದರೆ ಹೊಟ್ಟೆ ಹಿಡಿಯುತ್ತದೆ ಎಂಬ ಅಜ್ಜಿಯ ಹೆದರಿಕೆಗಿಂತ ಮಧ್ಯಾಹ್ನದ ಸಿಡಿಲಿನ ಹೆದರಿಕೆ ಹೆಚ್ಚು ನಿಜ. ಇನ್ನು ಕ್ವಾರಿ ಹೊಂಡಗಳಿಗಂತೂ ಹೋಗಲೇಬೇಡಿ. ಅವುಗಳಿಗೆ ದಡವೇ ಇರುವುದಿಲ್ಲ, ನೇರ ಗೋಡೆ. ಬೇಸಿಗೆಯಲ್ಲಿ ಬೆಚ್ಚಗಾದ ನಿಂತ ನೀರೂ ಬೇಡ. 2024ರಲ್ಲಿ ಕೇರಳದಲ್ಲಿ ಮಿದುಳಿಗೆ ಏರುವ ಅಮೀಬಾ ಸೋಂಕಿನಿಂದ ಮಕ್ಕಳು ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಅದು ಮೂಗಿನ ಮೂಲಕ ಒಳಹೋಗುವ ಸೋಂಕು.

'ಯಾರಿಗೆಲ್ಲ ಈಜು ಬರುತ್ತದೆ, ಕೈ ಎತ್ತಿ' ಎಂದು ದಯವಿಟ್ಟು ಕೇಳಬೇಡಿ. ಗೆಳೆಯರ ಮುಂದೆ ಕೈ ಎತ್ತದ ಹತ್ತು ವರ್ಷದ ಹುಡುಗನನ್ನು ನಾನು ಶಾಲೆಯಲ್ಲಿ ಕಂಡಿಲ್ಲ. ಪ್ರತ್ಯೇಕವಾಗಿ ಕೇಳಿ, ಅಪ್ಪ ಅಮ್ಮನನ್ನೂ ಕೇಳಿ, ಆಮೇಲೂ ಎಲ್ಲರಿಗೂ ಈಜು ಬಾರದು ಎಂದೇ ಇಟ್ಟುಕೊಳ್ಳಿ. ನಗರದ ಕೊಳದಲ್ಲಿ ನಾಲ್ಕು ವಾರ ಕಲಿತ ಮಗುವಿಗೆ ನೀಲಿ ಹೆಂಚಿನ ತಳ, ಹಿಡಿಯಲು ಸರಳು, ನಿಂತ ನೀರು ಅಭ್ಯಾಸ. ಸೆಳವು ಅದಕ್ಕೆ ಹೊಸದು. ಅಪಸ್ಮಾರ, ಉಬ್ಬಸ ಇರುವ ಮಕ್ಕಳ ವಿಷಯ ಮೊದಲೇ ತಿಳಿದುಕೊಂಡು ಅವರ ಪಕ್ಕದಲ್ಲೇ ಒಬ್ಬರು ಇರಿ. ಅವರನ್ನು ದಡದಲ್ಲಿ ಕೂರಿಸಿ ಎಂದಲ್ಲ.

ದಡದಲ್ಲಿ ಕೂರಿಸುವ ಮಾತು ಬಂದದ್ದರಿಂದ ಹುಡುಗಿಯರ ವಿಷಯ ಹೇಳಲೇಬೇಕು. ಪ್ರತಿ ಬೇಸಿಗೆಯಲ್ಲೂ ಕಾಣುವ ದೃಶ್ಯವಿದು: ಹುಡುಗರು ಚಡ್ಡಿಯಲ್ಲಿ ನೀರಿಗೆ, ಹುಡುಗಿಯರು ಬಂಡೆಯ ಮೇಲೆ ಎಲ್ಲರ ಚಪ್ಪಲಿ, ಕನ್ನಡಕ, ನೀರಿನ ಬಾಟಲಿ ಕಾಯುತ್ತಾ. ಯಾಕೆ ಎಂದರೆ ಬಟ್ಟೆ ಬದಲಿಸಲು ಜಾಗವಿಲ್ಲ, ಜೊತೆಗೆ ಹೆಂಗಸರಿಲ್ಲ. ಆಮೇಲೆ ಆಸೆ ತಡೆಯಲಾರದೆ ಚೂಡಿದಾರದಲ್ಲೇ ಇಳಿಯುತ್ತಾರೆ; ದುಪಟ್ಟಾ ಕಾಲಿಗೆ ಸುತ್ತಿಕೊಳ್ಳುತ್ತದೆ, ನೆನೆದ ಬಟ್ಟೆ ಕೆಳಕ್ಕೆ ಎಳೆಯುತ್ತದೆ. ನಾಲ್ಕು ಗಳಕ್ಕೆ ಎರಡು ಹಳೆಯ ಸೀರೆ ಸುತ್ತಿದರೆ ಬಟ್ಟೆ ಬದಲಿಸುವ ಕೋಣೆಯಾಯಿತು. ಮೈಗೆ ಅಂಟುವ ಟೀ ಶರ್ಟು, ಅರ್ಧ ಪ್ಯಾಂಟು ತನ್ನಿ ಎಂದು ಮೊದಲೇ ತಿಳಿಸಿ. ಕಾಯುವವರಲ್ಲಿ ಕನಿಷ್ಠ ಒಬ್ಬ ಹೆಂಗಸು ಇರಲಿ. ಮುಟ್ಟಿನ ದಿನವೋ, ಮನಸ್ಸಿಲ್ಲವೋ, ಇಳಿಯಲಾರೆ ಎಂದವಳನ್ನು ಕಾರಣ ಕೇಳದೆ ಬಿಡಿ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದ ಕಡಲಿನಲ್ಲಿ ಪ್ರಾಣ ಬಿಟ್ಟ ನಾಲ್ವರೂ ಹುಡುಗಿಯರು, ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯಿಂದ ಪ್ರವಾಸ ಬಂದವರು. ಅದು ಬೇಸಿಗೆ ಶಿಬಿರವಲ್ಲ, ಹೊಳೆಯೂ ಅಲ್ಲ. ಆದರೆ ಬಯಲುಸೀಮೆಯ ಮಕ್ಕಳಿಗೆ ಅಷ್ಟೊಂದು ನೀರು ಎದುರಾದಾಗ ಆಗುವ ಹಿಗ್ಗು ಎಲ್ಲೆಡೆ ಒಂದೇ. ಆ ಹಿಗ್ಗಿಗೆ ಮೊದಲೇ ತಯಾರಿ ಮಾಡಬೇಕಾದವರು ನಾವು.

ಇಷ್ಟೆಲ್ಲ ಮಾಡಿಯೂ ಒಂದು ಮಗು ಜಾರಿತು ಎನ್ನಿ. ನಮ್ಮ ರಾಜ್ಯದ ಸುದ್ದಿಗಳಲ್ಲಿ ಮತ್ತೆ ಮತ್ತೆ ಬರುವ ಸಾಲು: 'ಒಬ್ಬನನ್ನು ರಕ್ಷಿಸಲು ಹೋಗಿ ಮತ್ತಿಬ್ಬರು'. ಮಕ್ಕಳಿಗೆ ಗೆಳೆತನ ದೊಡ್ಡದು, ಹಿಂದುಮುಂದು ನೋಡದೆ ಹಾರುತ್ತಾರೆ. ಅದಕ್ಕೆ ನೀರಿಗೆ ಇಳಿಯುವ ಮುಂಚೆ ದಡದಲ್ಲೇ ಒಂದು ಪಾಠವಾಗಲಿ: ಕೂಗು, ಚಾಚು, ಎಸೆ, ಹಾರಬೇಡ. ಐದು ಲೀಟರಿನ ಖಾಲಿ ಕ್ಯಾನಿಗೆ ಒಂದು ಲೋಟ ನೀರು ಹಾಕಿ, ಮುಚ್ಚಳ ಬಿಗಿದು, ಹಿಡಿಗೆ ಹಗ್ಗ ಕಟ್ಟಿದರೆ ದೂರಕ್ಕೆ ಎಸೆಯಬಹುದಾದ ತೇಲುಬುರುಡೆ ಆಯಿತು. ಮಕ್ಕಳಿಂದಲೇ ಎಸೆಸಿ, ಯಾರದು ಗುರಿಗೆ ಬೀಳುತ್ತದೆ ಎಂದು ಪಂದ್ಯ ಇಡಿ. ನಾಟಕ ಕಲಿಸುವ ನಿಮಗೆ ಇದನ್ನು ಆಡಿಸುವುದು ಹೇಗೆಂದು ನಾನು ಹೇಳಬೇಕಿಲ್ಲ.

ಮೇಲೆತ್ತಿದ ಮಗುವನ್ನು ತಲೆಕೆಳಗು ಮಾಡುವುದು, ಗರಗರ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ನಮ್ಮ ಕಡೆ ಇನ್ನೂ ಇದೆ. ಬೇಡ. ಅದರಿಂದ ಹೊಟ್ಟೆಯಲ್ಲಿದ್ದದ್ದು ಶ್ವಾಸನಾಳಕ್ಕೆ ಹೋಗುತ್ತದೆ, ಅಮೂಲ್ಯ ನಿಮಿಷಗಳೂ ಹೋಗುತ್ತವೆ. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಬೇಕು, ನಂತರ ಎದೆಯ ನಡುವೆ 30 ಸಲ ಒತ್ತಬೇಕು, ಮತ್ತೆ 2 ಉಸಿರು, ಹೀಗೆಯೇ ನಿಲ್ಲಿಸದೆ. ಜೊತೆಯವರು 108ಕ್ಕೋ 112ಕ್ಕೋ ಕರೆ ಮಾಡುತ್ತಿರಲಿ. ಹೊಳೆಯ ತಗ್ಗಿನಲ್ಲಿ ಫೋನು ಸಿಗ್ನಲ್ ಎಲ್ಲಿ ಸಿಗುತ್ತದೆ ಎಂಬುದನ್ನು ಹಿಂದಿನ ದಿನವೇ ನೋಡಿಟ್ಟಿರಬೇಕು. ಆದರೆ ಇದು ಪತ್ರ ಓದಿ ಬರುವ ವಿದ್ಯೆಯಲ್ಲ, ಕೈಯಲ್ಲಿ ಮಾಡಿಯೇ ಬರಬೇಕು. ಶಿಬಿರ ಶುರುವಾಗುವ ಮೊದಲು ನಿಮ್ಮ ತಂಡದ ಇಬ್ಬರಾದರೂ ವೈದ್ಯರ ಬಳಿಯೋ ಅಗ್ನಿಶಾಮಕ ದಳದವರ ಬಳಿಯೋ ಕೂತು ಕಲಿಯಿರಿ.

ಮಲೆನಾಡಿಗೆ ಬರುವವರಿಗೆ ಸಣ್ಣ ಸೂಚನೆ: ಹೊಳೆಗೆ ಹೋಗುವ ಕಾಡುದಾರಿಯಲ್ಲಿ ಉಣುಗು ಇರುತ್ತದೆ, ಅದರಿಂದ ಹರಡುವ ಮಂಗನ ಕಾಯಿಲೆ ಬೇಸಿಗೆಯಲ್ಲೂ ಕಾಣಿಸಿಕೊಳ್ಳುತ್ತದೆ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಆ ಸುತ್ತಿನಲ್ಲಿ ಮಂಗ ಸತ್ತಿದ್ದರೆ ಬೇರೆ ಜಾಗ ನೋಡಿ. ಶಾಂಪೂ, ಸೋಪು ಬಸ್ಸಿನಲ್ಲೇ ಇರಲಿ. ಇದೇ ನೀರನ್ನು ಕೆಳಗಿನ ಊರಿನವರು ಕುಡಿಯುತ್ತಾರೆ.

ಪೋಷಕರೂ ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು. ಮಗು ನೀರಿನಲ್ಲಿರುವಾಗ 'ಫೋಟೊ ಕಳಿಸಿ' ಎಂದು ಸಂದೇಶ ಹಾಕಬೇಡಿ. ನಿಮ್ಮ ಮೊಬೈಲಿಗೆ ಬರುವ ಒಂದೊಂದು ಚಿತ್ರವೂ ಕಾಯಬೇಕಾದ ಒಂದು ಜೊತೆ ಕಣ್ಣನ್ನು ಪರದೆಗೆ ತಿರುಗಿಸಿದ ಲೆಕ್ಕ. ತಾಲ್ಲೂಕಿನ ಅಧಿಕಾರಿಗಳಿಗೂ ಒಂದು: 'ಅಪಾಯಕಾರಿ ಸ್ಥಳ' ಎಂಬ ತುಕ್ಕು ಹಿಡಿದ ಫಲಕದ ಪಕ್ಕದಲ್ಲಿ ಒಂದು ಉದ್ದನೆಯ ಹಗ್ಗ, ಒಂದು ಟ್ಯೂಬು ನೇತುಹಾಕಿಸಿ. ಫಲಕ ಯಾರನ್ನೂ ಮೇಲೆತ್ತಲಾರದು.

ಇಷ್ಟು ಬಿಗಿಯಾಗಿ ಬರೆದದ್ದಕ್ಕೆ ಕ್ಷಮೆ ಇರಲಿ. ದಂಡೆಯ ಊರುಗಳಲ್ಲಿ ಸಾವಾದಾಗ ಎರಡು ಮಾತು ತಪ್ಪದೆ ಕೇಳಿಬರುತ್ತವೆ: ಹುಡುಗನ ಜಾತಕದಲ್ಲಿ ಜಲಗಂಡ ಇತ್ತು, ಅಥವಾ ಹೊಳೆ ವರ್ಷಕ್ಕೊಂದು ಬಲಿ ಕೇಳುತ್ತದೆ. ಅಳುವವರನ್ನು ಸಮಾಧಾನ ಮಾಡಲು ಹೇಳುವ ಮಾತೆಂದು ಗೊತ್ತು, ಆದರೂ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಹೊಳೆ ಏನನ್ನೂ ಕೇಳಿಲ್ಲ. ನಮ್ಮ ದೇಶದಲ್ಲಿ 2022ರ ಒಂದೇ ವರ್ಷ ಮುಳುಗಿ ಸತ್ತವರು ಸುಮಾರು 38 ಸಾವಿರ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕ ಕೊಟ್ಟಿದೆ. ಅಷ್ಟು ಜನರ ಜಾತಕವೂ ಒಂದೇ ಆಗಿರಲಾರದು.

ಕೊನೆಯದಾಗಿ ನಿಮ್ಮ ಒಪ್ಪಿಗೆ ಪತ್ರದ ವಿಷಯ. ಹಲವು ಶಿಬಿರಗಳ ಅರ್ಜಿಯ ಅಡಿಯಲ್ಲಿ 'ಯಾವುದೇ ಅನಾಹುತಕ್ಕೆ ಸಂಘಟಕರು ಹೊಣೆಗಾರರಲ್ಲ' ಎಂದು ಅಚ್ಚಾಗಿರುತ್ತದೆ, ತಂದೆ ತಾಯಿ ಓದದೆ ಸಹಿ ಹಾಕುತ್ತಾರೆ. ನಿರ್ಲಕ್ಷ್ಯದಿಂದ ಸಾವಾದರೆ ಕಾನೂನು ಆ ಸಹಿಯನ್ನು ನೋಡಿ ಸುಮ್ಮನಾಗುವುದಿಲ್ಲ ಎಂಬುದು ನಿಮಗೂ ತಿಳಿದಿದೆ. ಈ ವರ್ಷ ಆ ಸಾಲನ್ನು ತೆಗೆದುಬಿಡಿ. ಅದೇ ಜಾಗದಲ್ಲಿ ಬರೆಯಿರಿ: ನೀರಾಟದ ದಿನಾಂಕ, ಸಮಯ, ಜಾಗದ ಹೆಸರು, ಜಾಗವನ್ನು ಮೊದಲೇ ನೋಡಿ ಬಂದವರ ಹೆಸರು, ನೀರಿನಲ್ಲಿ ನಿಲ್ಲುವ ಇಬ್ಬರ ಹೆಸರು, ದಡದಲ್ಲಿ ನಿಂತು ಎಣಿಸುವವರ ಹೆಸರು, ಹತ್ತಿರದ ಆಸ್ಪತ್ರೆ ಯಾವುದು, ಎಷ್ಟು ದೂರ. ಅದರ ಕೆಳಗೆ ಮೊದಲು ನೀವು ಸಹಿ ಹಾಕಿ, ಆಮೇಲೆ ಪೋಷಕರಿಗೆ ಕೊಡಿ. ಹೆಸರುಗಳು ತುಂಬದೆ ಖಾಲಿ ಉಳಿದರೆ ನೀರಾಟವನ್ನು ಕರಪತ್ರದಿಂದ ಕೈಬಿಡಿ.

ತುಂಗೆಯ ಈ ದಂಡೆಗೆ ಬರುವುದಾದರೆ ಹಿಂದಿನ ದಿನ ಬಂದು ಊರಿನಲ್ಲಿ ವಿಚಾರಿಸಿ. ಯಾವ ಗುಂಡಿ ಎಷ್ಟು ಆಳ ಎಂದು ಬಲ್ಲವರು ಇನ್ನೂ ಇದ್ದಾರೆ, ಕೇಳಿದರೆ ಸಂತೋಷದಿಂದ ತೋರಿಸುತ್ತಾರೆ. ಗಳಗಳನ್ನು ನಾವೇ ಕೊಡುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ತುಂಗಾತೀರದ ಒಬ್ಬ ನಿವೃತ್ತ ಶಿಕ್ಷಕಿ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ